ಹೆಸರು ಎರಡು, ಕೆಲಸ ಒಂದೇ

ಫಿಸಿಯೋಥೆರಪಿ ಮತ್ತು ಫಿಸಿಕಲ್ ಥೆರಪಿ ಒಂದೇ ವೃತ್ತಿಯ ಎರಡು ಹೆಸರುಗಳು. ಭಾರತ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮೊದಲನೆಯದು ರೂಢಿ, ಅಮೆರಿಕದಲ್ಲಿ ಎರಡನೆಯದು. ಪಾರ್ಶ್ವವಾಯು ಹೊಡೆದವರನ್ನು ಮತ್ತೆ ನಡೆಯುವಂತೆ ಮಾಡುವುದು, ಮೂಳೆ ಕೂಡಿದ ಮೇಲೂ ಬಿಗಿದುಕೊಂಡಿರುವ ಕೀಲನ್ನು ಸಡಿಲಿಸುವುದು ಎರಡೂ ಕಡೆ ಅದೇ ಕೆಲಸ. ಒಂದರಲ್ಲಿ ಕೈಯಿಂದ ನೀವುವುದು ಹೆಚ್ಚು, ಇನ್ನೊಂದರಲ್ಲಿ ವ್ಯಾಯಾಮ ಹೆಚ್ಚು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲ.

ಇವುಗಳ ಬೇರೂ ಒಂದೇ ಕಡೆ ಇದೆ. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು, ಅಂಗಮರ್ದನದ ಕೆಲಸಕ್ಕೆ ಅಂಟಿದ್ದ ಕೆಟ್ಟ ಹೆಸರನ್ನು ತೊಳೆಯಲು, ತರಬೇತಿ ಪಡೆದವರದೇ ಒಂದು ಸಂಘ ಕಟ್ಟಿದರು. 1921ರಲ್ಲಿ ಅಮೆರಿಕದ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದ ಮೇರಿ ಮೆಕ್‌ಮಿಲನ್ ಈ ವಿದ್ಯೆ ಕಲಿತದ್ದು ಇಂಗ್ಲೆಂಡಿನಲ್ಲಿ. 1951ರಲ್ಲಿ ಸ್ಥಾಪನೆಯಾದ ಜಾಗತಿಕ ಒಕ್ಕೂಟ ತನ್ನ ಹೆಸರಿನಲ್ಲಿ ‘ಫಿಸಿಕಲ್ ಥೆರಪಿ’ ಇಟ್ಟುಕೊಂಡಿತ್ತು. 2020ರಲ್ಲಿ ‘ವರ್ಲ್ಡ್ ಫಿಸಿಯೋಥೆರಪಿ’ ಆಯಿತು. ಸದಸ್ಯರು ಅವರೇ, ವೃತ್ತಿಯೂ ಅದೇ.

ಎರಡು ಹೆಸರು ನಿಜಕ್ಕೂ ಎರಡು ಬಗೆಯ ಜನರನ್ನು ಸೂಚಿಸುತ್ತಿದ್ದುದು ಐರ್ಲೆಂಡಿನಲ್ಲಿ. ಅಲ್ಲಿ ಫಿಸಿಯೋಥೆರಪಿಸ್ಟರು ವಿಶ್ವವಿದ್ಯಾಲಯದಲ್ಲಿ ಓದಿ ಆಸ್ಪತ್ರೆಯ ಎಲ್ಲ ವಿಭಾಗಗಳಲ್ಲಿ ಪಳಗಿದವರು. ಫಿಸಿಕಲ್ ಥೆರಪಿಸ್ಟರು ಬೇರೆ ತರಬೇತಿಯಿಂದ ಬಂದು ಮುಖ್ಯವಾಗಿ ಸ್ನಾಯು, ಕೀಲುಗಳ ನೋವಿಗಷ್ಟೇ ಚಿಕಿತ್ಸೆ ಕೊಡುತ್ತಿದ್ದರು. ಬೆನ್ನು ಹಿಡಿದುಕೊಂಡು ಬಂದ ರೋಗಿಗೆ ಈ ವ್ಯತ್ಯಾಸ ಹೇಗೆ ತಿಳಿಯಬೇಕು? ಈ ಗೊಂದಲ ವರ್ಷಗಟ್ಟಲೆ ನಡೆದು, ಕೊನೆಗೆ 2017ರ ಕಾಯ್ದೆ ಎರಡೂ ಹೆಸರುಗಳನ್ನು ಒಂದೇ ನೋಂದಣಿಯಡಿ ತಂದು ರಕ್ಷಿಸಿತು. ಸರಿಯಾದ ಕ್ರಮವೇ ಅದು.

ದೇಶದಿಂದ ದೇಶಕ್ಕೆ ಬದಲಾಗುವುದು ಓದು ಮತ್ತು ಪರವಾನಗಿ. ಅಮೆರಿಕದಲ್ಲಿ ಈಗ ಡಾಕ್ಟರೇಟ್ ಮಟ್ಟದ ಪದವಿಯೇ ಪ್ರವೇಶದ್ವಾರ, ನಮ್ಮಲ್ಲಿ ಬಿಪಿಟಿ ಎಂಬ ಸ್ನಾತಕ ಪದವಿ. ಬೆಂಗಳೂರಿನಲ್ಲಿ ಬಿಪಿಟಿ ಮುಗಿಸಿದವರು ಅಮೆರಿಕದಲ್ಲಿ ಕೆಲಸ ಮಾಡಬೇಕಾದರೆ ತಮ್ಮ ಓದಿನ ಮೌಲ್ಯಮಾಪನ ಮಾಡಿಸಿ, ರಾಷ್ಟ್ರೀಯ ಪರೀಕ್ಷೆ ಪಾಸಾಗಿ, ಆಯಾ ರಾಜ್ಯದ ಲೈಸೆನ್ಸ್ ಪಡೆಯಬೇಕು. ಆಗ ಅದೇ ವ್ಯಕ್ತಿಯ ಬೋರ್ಡಿನ ಮೇಲೆ ‘ಫಿಸಿಕಲ್ ಥೆರಪಿಸ್ಟ್’ ಎಂದಿರುತ್ತದೆ.

ಭಾರತದಲ್ಲಿ ಈ ವೃತ್ತಿಯನ್ನು ನಿಯಂತ್ರಿಸುವ ರಾಷ್ಟ್ರಮಟ್ಟದ ಕಾಯ್ದೆ ಬಂದದ್ದು 2021ರಲ್ಲಿ. ತೀರಾ ತಡವಾಯಿತು. ಕೆಲವು ವಾರ ಮಸಾಜ್ ಕಲಿತವರೂ ಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಲು ಎಡೆಯಾದದ್ದು ಇಂಥ ನಿಯಮವಿಲ್ಲದ ದಿನಗಳಲ್ಲಿ. ಆದ್ದರಿಂದ ಚಿಕಿತ್ಸೆಗೆ ಹೋದವರು ಬೋರ್ಡಿನಲ್ಲಿ ಯಾವ ಹೆಸರಿದೆ ಎಂದು ನೋಡುವ ಬದಲು ಪದವಿ ಯಾವುದು, ಎಲ್ಲಿ ಓದಿದ್ದು, ನೋಂದಣಿ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.