ಪ್ರೋಗ್ರಾಮಿಂಗಿನ ಮೊದಲ ಪಾಠಕ್ಕೆ ಕನ್ನಡ ಸಾಲದೇ?



ಭಾನುವಾರದ ಕನ್ನಡ ತರಗತಿಯಿಂದ ಮಕ್ಕಳನ್ನು ಬಿಡಿಸಿ, ಅದೇ ಹೊತ್ತಿನ ಕೋಡಿಂಗ್ ಕ್ಲಾಸಿಗೆ ಸೇರಿಸುವ ಪರಿಪಾಠ ನಮ್ಮ ನಡುವೆ ಬೆಳೆಯುತ್ತಿದೆ. ‘ಕನ್ನಡ ಮನೆಯಲ್ಲಿ ಹೇಗೂ ಬರುತ್ತದೆ, ಕೋಡಿಂಗ್ ಬಾರದಿದ್ದರೆ ಮುಂದೆ ಕಷ್ಟ’ ಎಂಬುದು ಪೋಷಕರು ಕೊಡುವ ಕಾರಣ. ಅವರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಎರಡರಲ್ಲಿ ಒಂದನ್ನು ಕೈಬಿಡಲೇಬೇಕೆಂಬ ಗ್ರಹಿಕೆಯನ್ನು ನಾವು ಒಪ್ಪಲಾರೆವು. ಪ್ರೋಗ್ರಾಮಿಂಗಿನ ಮೊದಲ ಪಾಠಗಳನ್ನು ಕನ್ನಡ ತರಗತಿಯಲ್ಲೇ, ಕನ್ನಡದಲ್ಲೇ ಕಲಿಸಬಹುದು, ಕಲಿಸಬೇಕು.

ಏನೂ ಅರಿಯದವರು ಮೊದಲು ಕಲಿಯಬೇಕಾದುದು ಏನು? ಕೆಲಸವನ್ನು ಹೆಜ್ಜೆಗಳಾಗಿ ಒಡೆಯುವುದು, ಬದಲಾಗುವ ಬೆಲೆಯೊಂದಕ್ಕೆ ಹೆಸರಿಡುವುದು, ಷರತ್ತು ಹಾಕುವುದು, ಪುನರಾವರ್ತಿಸುವುದು, ತಪ್ಪನ್ನು ಹುಡುಕಿ ತಿದ್ದುವುದು. ಇಷ್ಟೇ. ನಾವಿರುವ ಇಂಗ್ಲೆಂಡಿನ ಶಾಲೆಗಳಲ್ಲಿ 2014ರಿಂದ ಜಾರಿಯಲ್ಲಿರುವ ಪಠ್ಯಕ್ರಮವು ಐದು ವರ್ಷದ ಮಕ್ಕಳಿಗೇ ಅಲ್ಗಾರಿದಮ್ ಎಂದರೇನೆಂದು ತಿಳಿಸಬೇಕೆನ್ನುತ್ತದೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಯೋಜನೆಯು ಇಂತಹ ಪಾಠಗಳನ್ನು ಆಟಗಳ ಮೂಲಕ, ಕಂಪ್ಯೂಟರಿನ ನೆರವಿಲ್ಲದೆಯೇ ಕಲಿಸುತ್ತದೆ. ಯಂತ್ರವೇ ಬೇಕಿಲ್ಲದ ಪಾಠಕ್ಕೆ ಇಂಗ್ಲಿಷ್ ಮಾತ್ರ ಏಕೆ ಅನಿವಾರ್ಯವಾಗಬೇಕು?

ನಮ್ಮ ಚೌಕಾಬಾರವನ್ನೇ ನೋಡಿ. ನಾಲ್ಕು ಕವಡೆಗಳನ್ನು ಎಸೆ. ಬಾಯಿ ಮೇಲಾಗಿ ಬಿದ್ದವುಗಳನ್ನು ಎಣಿಸು. ಎಣಿಕೆ ಸೊನ್ನೆಯಾದರೆ ಗರ 8. ಇಲ್ಲದಿದ್ದರೆ ಎಣಿಕೆಯೇ ಗರ. ಗರದಷ್ಟು ಮನೆ ಕಾಯಿ ನಡೆಸು. ಗರ 4 ಅಥವಾ 8 ಆಗಿದ್ದರೆ ಮತ್ತೊಮ್ಮೆ ಎಸೆ. ಇಲ್ಲದಿದ್ದರೆ ಸರದಿ ಬಿಟ್ಟುಕೊಡು. ಈ ಕೆಲವೇ ವಾಕ್ಯಗಳಲ್ಲಿ ವೇರಿಯಬಲ್ ಇದೆ, ಷರತ್ತು ಇದೆ, ಲೂಪ್ ಇದೆ. ಸೊನ್ನೆಯ ನಿಯಮವನ್ನು ಮಗು ಬರೆಯಲು ಮರೆತರೆ, ಕವಡೆಗಳೆಲ್ಲ ಮಗುಚಿ ಬಿದ್ದಾಗ ಕಾಯಿ ಕದಲುವುದಿಲ್ಲ. ಆಟ ಕೆಟ್ಟಿತೆಂದು ಮಗುವಿಗೆ ತಾನಾಗಿ ತಿಳಿಯುತ್ತದೆ. ಎಲ್ಲಿ ಕೆಟ್ಟಿತೆಂದು ಹುಡುಕತೊಡಗುತ್ತದೆ. ಡೀಬಗ್ಗಿಂಗ್ ಎಂದರೆ ಇದೇ. ನಿಯಮಗಳು ಮನೆಯಿಂದ ಮನೆಗೆ ಬೇರೆಯಾಗುವುದರಿಂದ, ಆಡುವ ಮೊದಲು ಎಲ್ಲವನ್ನೂ ಸಂದೇಹಕ್ಕೆಡೆಯಿಲ್ಲದಂತೆ ಬರೆದಿಟ್ಟುಕೊಳ್ಳಬೇಕೆಂಬ ಪಾಠವೂ ಜೊತೆಗೇ ಸಿಗುತ್ತದೆ.

ವೈದ್ಯರಾದ ನಮಗೇಕೆ ಈ ಉಸಾಬರಿ ಎಂದು ಕೆಲವರು ಕೇಳಬಹುದು. ನಮ್ಮ ವೃತ್ತಿ ನಡೆಯುವುದೇ ಇಂತಹ ನಿಯಮಗಳ ಮೇಲೆ. ಹೃದಯ ನಿಂತ ವಯಸ್ಕರಿಗೆ ನಾವು 30 ಬಾರಿ ಎದೆಯೊತ್ತಿ, 2 ಬಾರಿ ಉಸಿರು ಕೊಡುತ್ತೇವೆ. ನೆರವು ಬರುವವರೆಗೆ ಅಥವಾ ಜೀವಲಕ್ಷಣ ಕಾಣುವವರೆಗೆ ಅದನ್ನೇ ಮುಂದುವರಿಸುತ್ತೇವೆ. ‘ವರೆಗೆ’ ಎಂಬ ಆ ಒಂದು ಪದದಲ್ಲಿ ಲೂಪಿನ ಅರ್ಥವೆಲ್ಲ ಅಡಗಿದೆ. ಇನ್ನೊಂದು ಉದಾಹರಣೆ: ಮೂರು ತಿಂಗಳೊಳಗಿನ ಶಿಶುವಿನ ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ತುರ್ತಾಗಿ ವೈದ್ಯರಿಗೆ ತೋರಿಸಬೇಕು. ಇದನ್ನು ‘38ಕ್ಕಿಂತ ಹೆಚ್ಚಿದ್ದರೆ’ ಎಂದು ಬರೆದರೆ ಸರಿಯಾಗಿ 38 ಇರುವ ಶಿಶು ನಿಯಮದಿಂದ ಹೊರಗುಳಿಯುತ್ತದೆ. ಪದವೊಂದು ಜಾರಿದರೆ ಜೀವಕ್ಕೇ ಕುತ್ತು. ಇಂತಹ ಸೂಕ್ಷ್ಮವನ್ನು ಮಗು ತಾಯಿನುಡಿಯಲ್ಲಿ ಗ್ರಹಿಸಿದರೆ ಅದರ ತರ್ಕವೂ ಹರಿತವಾಗುತ್ತದೆ, ಕನ್ನಡವೂ ಹರಿತವಾಗುತ್ತದೆ.

‘ಪ್ರೋಗ್ರಾಮಿಂಗ್ ಭಾಷೆಗಳೆಲ್ಲ ಇಂಗ್ಲಿಷಿನಲ್ಲಿವೆಯಲ್ಲ’ ಎಂಬ ಆಕ್ಷೇಪವುಂಟು. ಪೈಥಾನಿನ ಮೀಸಲು ಪದಗಳು ಕೇವಲ 35. ಅವುಗಳನ್ನು ಕಲಿಯಲು ನಮ್ಮ ಮಕ್ಕಳಿಗೆ ತೊಡಕೇನಿಲ್ಲ. ಅದೇ ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ‘ಗರ’ ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಕೀಲಿಮಣೆಯಲ್ಲಿ ೧೨ ಎಂದು ಕನ್ನಡ ಅಂಕಿಗಳನ್ನು ಒತ್ತಿದರೂ ಅದರ ‘ಇಂಟ್’ ಫಂಕ್ಷನ್ ಹನ್ನೆರಡು ಎಂದೇ ಓದಿಕೊಳ್ಳುತ್ತದೆ. ಯಂತ್ರಕ್ಕೆ ಇಲ್ಲದ ಮಡಿವಂತಿಕೆ ನಮಗೇಕೆ? ಹಾಗೆಂದು ವೇರಿಯಬಲ್, ಲೂಪ್ ಮುಂತಾದ ಪದಗಳಿಗೆ ಕ್ಲಿಷ್ಟ ಸಂಸ್ಕೃತ ಪದಗಳನ್ನು ಹೊಸೆದು ಮಕ್ಕಳ ತಲೆಗೆ ಹೇರಬೇಕೆಂದು ನಾವು ಹೇಳುತ್ತಿಲ್ಲ. ಬಸ್ಸು, ಆಸ್ಪತ್ರೆಗಳನ್ನು ಅರಗಿಸಿಕೊಂಡ ಕನ್ನಡ ಲೂಪನ್ನೂ ಅರಗಿಸಿಕೊಳ್ಳುತ್ತದೆ. ವಿವರಣೆ ಕನ್ನಡದಲ್ಲಿರಲಿ, ಪ್ರಶ್ನೆ ಕನ್ನಡದಲ್ಲಿರಲಿ, ಜಗಳವೂ ಕನ್ನಡದಲ್ಲೇ ಆಗಲಿ.

‘ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುತ್ತದೆ, ಇದೆಲ್ಲ ಏತಕ್ಕೆ?’ ಎನ್ನುವವರೂ ಇದ್ದಾರೆ. ಬರೆಯಲಿ. ಅದು ಬರೆದ ಸಾಲಿನಲ್ಲಿ 38 ಒಳಗಿದೆಯೋ ಹೊರಗಿದೆಯೋ ಎಂದು ನೋಡುವ ಕಣ್ಣು ಮನುಷ್ಯನಿಗೇ ಇರಬೇಕು.

ನಮ್ಮ ಚಿಂತೆ ಕೋಡಿಂಗ್ ಕ್ಲಾಸಿನ ಶುಲ್ಕದ್ದಲ್ಲ. ಯುಗಾದಿಗೂ ರಾಜ್ಯೋತ್ಸವಕ್ಕೂ ಪೆಟ್ಟಿಗೆಯಿಂದ ಹೊರಬಂದು ಮತ್ತೆ ಮಡಚಿ ಒಳಸೇರುವ ರೇಷ್ಮೆ ಸೀರೆಯಂತೆ ನಾವು ಕನ್ನಡವನ್ನು ಇಟ್ಟುಕೊಂಡಿದ್ದೇವೆ. ಹಾಡಿಗೆ, ಹಬ್ಬಕ್ಕೆ, ಅಜ್ಜಿಯೊಡನೆ ಫೋನಿಗೆ ಕನ್ನಡ. ಯೋಚಿಸಲು ಬೇರೊಂದು ಭಾಷೆ. ಯೋಚನೆಗೆ ಒದಗದ ಭಾಷೆಯನ್ನು ಮಕ್ಕಳು ಹದಿನಾಲ್ಕನೆಯ ವಯಸ್ಸಿಗೆ ಕೆಳಗಿಟ್ಟುಬಿಡುತ್ತಾರೆ. ಅದಕ್ಕಾಗಿ ಅವರನ್ನು ದೂರುವ ಹಕ್ಕು ನಮಗಿರುವುದಿಲ್ಲ.

ಆದುದರಿಂದ ಕನ್ನಡ ತರಗತಿಯ ಕೊನೆಯ ಅರ್ಧ ಗಂಟೆಯನ್ನು ಇಂತಹ ಪಾಠಕ್ಕೆ ಮೀಸಲಿಡಬೇಕೆಂದು ಸಂಘವನ್ನು ಆಗ್ರಹಿಸುತ್ತೇವೆ. ಸಾಫ್ಟ್‌ವೇರ್ ವೃತ್ತಿಯಲ್ಲಿರುವ ಸದಸ್ಯರು ಸರದಿಯ ಮೇಲೆ ಬಂದು ಕಲಿಸಲಿ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರು ಚೌಕಾಬಾರದ ನಿಯಮ ಹೇಳಿಕೊಡಲಿ. ಬಯಸಿದರೆ ಮೊಮ್ಮಕ್ಕಳ ಪಕ್ಕದಲ್ಲೇ ಕುಳಿತು ತಾವೂ ಕಲಿಯಲಿ. ಮಕ್ಕಳ ಹೆಸರನ್ನು ತರಗತಿಯಿಂದ ತೆಗೆಸುವ ಮುನ್ನ ಪೋಷಕರು ಒಂದು ಭಾನುವಾರ ಬಂದು ಕೂತು ನೋಡಲಿ. ಕವಡೆಗಳನ್ನು ನಾವು ತರುತ್ತೇವೆ.