ಎದೆಬಡಿತವನ್ನು ಈಮಾನಿನ ತಕ್ಕಡಿಯಲ್ಲಿ ತೂಗಬೇಡಿ

ಜುಮಾದ ಖುತ್ಬಾ ನಡೆಯುತ್ತಿದೆ. ಮಸೀದಿ ತುಂಬಿದೆ. ನಡುಸಾಲಿನಲ್ಲಿ ಕುಳಿತ ಯುವಕನೊಬ್ಬನ ಎದೆ ಇದ್ದಕ್ಕಿದ್ದಂತೆ ಡವಗುಟ್ಟತೊಡಗುತ್ತದೆ. ಉಸಿರು ಕಟ್ಟಿದಂತಾಗುತ್ತದೆ. ಅಂಗೈ ಬೆವರುತ್ತದೆ, ಬೆರಳುಗಳು ಜುಮುಗುಡುತ್ತವೆ, ತಲೆ ಸುತ್ತುತ್ತದೆ. ಈ ಕ್ಷಣದಲ್ಲೇ ಸತ್ತುಬಿಡುತ್ತೇನೆಂಬ ಭಯ ಅವನನ್ನು ಆವರಿಸುತ್ತದೆ. ಸಾಲುಗಳನ್ನು ದಾಟಿ ಹೊರಗೋಡುತ್ತಾನೆ. ಮುಂದಿನ ವಾರ ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಕೂರುತ್ತಾನೆ. ಕೆಲವು ವಾರಗಳ ಬಳಿಕ ಮಸೀದಿಗೆ ಬರುವುದನ್ನೇ ನಿಲ್ಲಿಸುತ್ತಾನೆ. ಆಗ ನಾವು ತೀರ್ಪು ನೀಡುತ್ತೇವೆ: “ಅವನ ಈಮಾನ್ ದುರ್ಬಲವಾಗಿದೆ.” ಮನೆಯ ಹಿರಿಯರು ಇನ್ನೊಂದು ತೀರ್ಪು ಸೇರಿಸುತ್ತಾರೆ: “ಇದು ಜಿನ್ನ್‌ನ ಉಪದ್ರವ.”

ಈ ಎರಡೂ ತೀರ್ಪುಗಳು ತಪ್ಪು ಮಾತ್ರವಲ್ಲ, ಒಬ್ಬ ರೋಗಿಗೆ ಎಸಗುವ ಅನ್ಯಾಯವೂ ಹೌದು.

ಈ ಯುವಕನನ್ನು ಕಾಡುತ್ತಿರುವುದು ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ನೀಡಿತು. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ಅಲ್ಲಾಹನು ನಮ್ಮ ಶರೀರದಲ್ಲಿ ಒಂದು ಎಚ್ಚರಿಕೆಯ ವ್ಯವಸ್ಥೆಯನ್ನು ಇರಿಸಿದ್ದಾನೆ. ಅಡ್ರಿನಲಿನ್ ಹರಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಉಸಿರಾಟ ಬಿರುಸಾಗುತ್ತದೆ. ಈ ಕಾಯಿಲೆಯಲ್ಲಿ ಅಪಾಯವಿಲ್ಲದೆಯೂ ಆ ಗಂಟೆ ಮೊಳಗುತ್ತದೆ. ಬಿರುಸಿನ ಉಸಿರಾಟದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದರಿಂದಲೇ ತಲೆಸುತ್ತು, ಬೆರಳುಗಳ ಜುಮುಗುಡುವಿಕೆ ಉಂಟಾಗುತ್ತವೆ. ರೋಗಿಯು ಅವುಗಳನ್ನು ಮರಣದ ಲಕ್ಷಣವೆಂದು ತಿಳಿಯುತ್ತಾನೆ. ಆ ತಿಳಿವಳಿಕೆ ಭಯವನ್ನು ಹೆಚ್ಚಿಸುತ್ತದೆ, ಭಯವು ಎದೆಬಡಿತವನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ಅದು ತುತ್ತತುದಿಗೇರಿ ಬಳಿಕ ಇಳಿಯುತ್ತದೆ. ಆದರೆ ಮತ್ತೊಮ್ಮೆ ಬಂದರೆ ಎಂಬ ಚಿಂತೆ ಇಳಿಯುವುದಿಲ್ಲ. ಆ ಚಿಂತೆಯೇ ಅವನನ್ನು ಬಸ್ಸಿನಿಂದ, ಸಂತೆಯಿಂದ, ಕೊನೆಗೆ ಮಸೀದಿಯಿಂದಲೂ ದೂರವಿಡುತ್ತದೆ. ಅವನು ನಮಾಝ್‌ಗೆ ಬೆನ್ನು ತೋರಿಸಿದವನಲ್ಲ, ಸಾಲಿನ ನಡುವೆ ಸಿಲುಕಿಕೊಳ್ಳುವ ಭಯಕ್ಕೆ ಬೆನ್ನು ತೋರಿಸಿದವನು.

ಇನ್ನು ಈಮಾನಿನ ವಿಚಾರ. ಭಯಪಡುವವನು ಸತ್ಯವಿಶ್ವಾಸಿಯಾಗಲಾರ ಎಂಬ ವಾದವನ್ನು ಕುರ್‌ಆನ್ ಓದಿದವರು ಹೇಗೆ ಮಂಡಿಸುತ್ತಾರೆ? ತನ್ನ ಊರುಗೋಲು ಹಾವಾದಾಗ ಹ. ಮೂಸಾ(ಅ) ಹಿಂದಿರುಗಿಯೂ ನೋಡದೆ ಓಡಿದರು. ಅಲ್ಲಾಹನು ಅವರ ವಿಶ್ವಾಸವನ್ನು ಪ್ರಶ್ನಿಸಲಿಲ್ಲ, ಅಭಯ ನೀಡಿದನು. ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣಗೊಂಡಾಗ ಪ್ರವಾದಿ ಮುಹಮ್ಮದ್(ಸ) ನಡುಗುವ ಹೃದಯದೊಂದಿಗೆ ಮನೆಗೆ ಮರಳಿ, ತನಗೆ ಹೊದಿಸುವಂತೆ ಹೇಳಿದರು. ಅದು ಕಾಯಿಲೆಯಾಗಿತ್ತೆಂದು ಹೇಳುತ್ತಿಲ್ಲ, ಅಲ್ಲಾಹನು ಅಂತಹ ಮಾತಿನಿಂದ ಕಾಪಾಡಲಿ. ಎದೆ ನಡುಗುವುದು ವಿಶ್ವಾಸದ ಕೊರತೆಯಲ್ಲ ಎಂಬುದಷ್ಟೇ ನನ್ನ ಮಾತು. ಆ ರಾತ್ರಿ ಹ. ಖದೀಜಾ(ರ) ಏನು ಮಾಡಿದರೆಂಬುದನ್ನು ಗಮನಿಸಿ. ಅವರು ಹೀಯಾಳಿಸಲಿಲ್ಲ. ಮೊದಲು ಹೊದಿಸಿದರು, ಅವರ ಸದ್ಗುಣಗಳನ್ನು ನೆನಪಿಸಿ ಧೈರ್ಯ ತುಂಬಿದರು, ಬಳಿಕ ವಿಷಯವನ್ನು ಬಲ್ಲ ವರಕಃ ಬಿನ್ ನೌಫಲ್‌ರ ಬಳಿಗೆ ಕರೆದೊಯ್ದರು. ನಮ್ಮ ಕುಟುಂಬಗಳಿಗೆ ಇದಕ್ಕಿಂತ ಮಿಗಿಲಾದ ಮಾದರಿ ಬೇಕೇ?

ಜಿನ್ನ್‌ನ ಅಸ್ತಿತ್ವದಲ್ಲಿ ನಮಗೆ ವಿಶ್ವಾಸವಿದೆ. ಆದರೆ ಅಗೋಚರದ ಜ್ಞಾನ ಅಲ್ಲಾಹನಿಗೆ ಮಾತ್ರ ಎಂಬುದೂ ಅದೇ ವಿಶ್ವಾಸದ ಭಾಗ. ಹೀಗಿರುವಾಗ ಹುಡುಗಿಯ ಮುಖ ನೋಡಿದೊಡನೆ ಯಾವ ಜಿನ್ನ್, ಯಾವ ಮರದಿಂದ ಬಂತು ಎಂದು ಹೇಳುವ ಮಂತ್ರವಾದಿಗೆ ಆ ಜ್ಞಾನವನ್ನು ಯಾರು ಕೊಟ್ಟರು? ಅವನ ಬೆಲೆಪಟ್ಟಿಯೇ? ತಾಯತಕ್ಕೆಂದು ತಾಯಿಯ ಬಳೆ ಅಡವಿಡುವ ಮನೆಗಳು ವೈದ್ಯರ ಶುಲ್ಕ ದುಬಾರಿಯೆನ್ನುವುದು ವಿಪರ್ಯಾಸವಲ್ಲವೇ? ಈ ದಾರಿಯ ಕೊನೆ ಎಲ್ಲಿಗೆ ತಲುಪಬಹುದೆಂಬುದನ್ನು ನಾವು ನೋಡಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಕೇಂದ್ರವೊಂದು ಬೆಂಕಿಗಾಹುತಿಯಾದಾಗ, ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ಮಂದಿ ಓಡಲಾಗದೆ ಸುಟ್ಟು ಸತ್ತರು. ಅವರಲ್ಲಿದ್ದುದು ಬೇರೆ ಬೇರೆ ಕಾಯಿಲೆ ಇರಬಹುದು, ಅವರನ್ನು ಅಲ್ಲಿಗೆ ತಲುಪಿಸಿದ ಚಿಂತನೆ ಮಾತ್ರ ಇದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕಾನೂನು ಹೇಳುವ ಮೊದಲೇ ನಮ್ಮ ಆತ್ಮಸಾಕ್ಷಿ ಅದನ್ನು ಹೇಳಬೇಕಿತ್ತು.

“ಮನಸ್ಸಿಗೆ ಔಷಧ ಪಾಶ್ಚಾತ್ಯರ ಕಲ್ಪನೆ” ಎನ್ನುವವರು ನಮ್ಮದೇ ಇತಿಹಾಸವನ್ನು ಮರೆತಿದ್ದಾರೆ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖಿಯವರು ಶರೀರ ಮತ್ತು ಮನಸ್ಸುಗಳ ಆರೋಗ್ಯದ ಕುರಿತೇ ಗ್ರಂಥ ರಚಿಸಿ, ಅದರಲ್ಲಿ ಭಯ ಮತ್ತು ಗಾಬರಿಯನ್ನು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಮನೆಯಲ್ಲಿ ತುರ್ತಿಗೆಂದು ಔಷಧ ಇಟ್ಟುಕೊಳ್ಳುವಂತೆ, ಮನಸ್ಸಿನಲ್ಲಿ ಆರೋಗ್ಯಕರ ವಿಚಾರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂಬುದು ಅವರ ಸಲಹೆಯಾಗಿತ್ತು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಚಿಕಿತ್ಸೆಯಿತ್ತು.

ಇಂದಿನ ಚಿಕಿತ್ಸೆಯೂ ನಿಗೂಢವೇನಲ್ಲ. ಮೊದಲು ವೈದ್ಯರು ಇಸಿಜಿ, ಥೈರಾಯ್ಡ್ ಮೊದಲಾದ ಪರೀಕ್ಷೆಗಳ ಮೂಲಕ ಶರೀರದ ಇತರ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ, ಎದೆಬಡಿತವನ್ನು ಮರಣವೆಂದು ಓದುವ ಅಭ್ಯಾಸವನ್ನು ತಿದ್ದಲಾಗುತ್ತದೆ ಮತ್ತು ತಪ್ಪಿಸಿಕೊಂಡ ಸ್ಥಳಗಳಿಗೆ ಹಂತಹಂತವಾಗಿ ಮರಳಲು ಕಲಿಸಲಾಗುತ್ತದೆ. ಕೊನೆಯ ಸಾಲಿನಿಂದ ನಡುಸಾಲಿಗೆ ಮರಳುವುದೂ ಚಿಕಿತ್ಸೆಯೇ. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಎರಡೇ ದಿನಗಳಲ್ಲಿ ಫಲ ಕಾಣಲಿಲ್ಲವೆಂದು ಬಿಡಬಾರದು. “ಮಾತ್ರೆ ಚಟವಾಗುತ್ತದೆ” ಎಂಬ ಆಕ್ಷೇಪ ಬೆಂಝೊಡಯಾಝೆಪೀನ್ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವ ವಿಷಯದಲ್ಲಿ ಸರಿ. ಆದುದರಿಂದಲೇ ವೈದ್ಯರು ಅವುಗಳನ್ನು ಅಲ್ಪಾವಧಿಗೆ ಸೀಮಿತಗೊಳಿಸುತ್ತಾರೆ. ಎಸ್‌ಎಸ್‌ಆರ್‌ಐ ಅಂತಹ ಚಟವಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು. ರಮಝಾನ್ ಬಂತೆಂದು ಮಾತ್ರೆ ಎಸೆಯುವವರು ಇದನ್ನು ನೆನಪಿಡಲಿ. ದಿನಕ್ಕೊಮ್ಮೆಯ ಮಾತ್ರೆಯನ್ನು ಇಫ್ತಾರ್ ಬಳಿಕ ಅಥವಾ ಸಹರಿಗೆ ಸೇವಿಸುವ ಬಗ್ಗೆ ವೈದ್ಯರಲ್ಲಿ ವಿಚಾರಿಸಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಹಾಗಾದರೆ ದುಆ, ದ್ಸಿಕ್ರ್‌ಗಳು ಬೇಡವೇ? ಖಂಡಿತ ಬೇಕು. ದೇವಸ್ಮರಣೆಯಿಂದ ಮನಸ್ಸು ನೆಮ್ಮದಿ ಪಡೆಯುತ್ತದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಬೋಧಿಸಿದವರೂ ಅದೇ ಪ್ರವಾದಿಯವರು(ಸ). ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವಾಗ ತವಕ್ಕುಲ್‌ಗೆ ಧಕ್ಕೆಯಾಗದಿದ್ದರೆ, ಗಾಬರಿಯ ಕಾಯಿಲೆಗೆ ಮಾತ್ರೆ ನುಂಗುವಾಗ ಹೇಗೆ ಧಕ್ಕೆಯಾದೀತು? ದುಆವನ್ನು ಚಿಕಿತ್ಸೆಯ ಎದುರಾಳಿಯಾಗಿ ನಿಲ್ಲಿಸಿದವರು ನಾವು, ಧರ್ಮವಲ್ಲ.

ಜಮಾಅತ್‌ಗಳ ಹೊಣೆಗಾರರೂ ಖತೀಬರೂ ವರ್ಷಕ್ಕೊಂದು ಖುತ್ಬಾವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಮಸೀದಿಯ ಫಲಕದಲ್ಲಿ 14416 ಎಂಬ ಸಂಖ್ಯೆಯನ್ನು ಬರೆಯಿಸಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಉಚಿತ ಟೆಲಿ ಮಾನಸ್ ಸೇವೆ ಅದು, ಕನ್ನಡದಲ್ಲೂ ಮಾತನಾಡಬಹುದು. ಮದುವೆಯ ಸಂಬಂಧ ತಪ್ಪೀತೆಂದು ಮಗಳ ಕಾಯಿಲೆಯನ್ನು ಮುಚ್ಚಿಡುವ ತಂದೆತಾಯಂದಿರೇ, ಮುಚ್ಚಿಟ್ಟ ಕಾಯಿಲೆ ಬಲಿಯುತ್ತದೆ, ಚಿಕಿತ್ಸೆ ಪಡೆದ ಕಾಯಿಲೆ ಬಹುತೇಕ ಹತೋಟಿಗೆ ಬರುತ್ತದೆ.

ಮುಂದಿನ ಜುಮಾದಲ್ಲಿ ಬಾಗಿಲ ಬಳಿ ಕುಳಿತವನನ್ನು ಕಂಡರೆ ಅವನ ಈಮಾನನ್ನು ಅಳೆಯಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಸಲಾಮ್ ಹೇಳಿ, ನಾಳೆ ವೈದ್ಯರ ಬಳಿಗೆ ಜೊತೆಯಾಗಿ ಹೋಗೋಣವೇ ಎಂದು ಕೇಳಿ. ರೋಗಿಯನ್ನು ಸಂದರ್ಶಿಸುವುದು ಮುಸ್ಲಿಮನ ಮೇಲಿರುವ ಹಕ್ಕೆಂದು ನಾವು ಕಲಿತಿದ್ದೇವೆ. ಆ ರೋಗಿ ಆಸ್ಪತ್ರೆಯ ಹಾಸಿಗೆಯಲ್ಲಷ್ಟೇ ಇರುತ್ತಾನೆಂದು ಯಾರೂ ಹೇಳಿಲ್ಲ.