ಹಾಡು ಹೆಕ್ಕಿಕೊಂಡರೆ ಸಾಕೇ?

ಇಷ್ಟವಾದ ಒಂದೆರಡು ಹಾಡು ಹೆಕ್ಕಿಕೊಂಡರಾಯ್ತು, ಇಡೀ ಆಲ್ಬಮ್ ಯಾರು ಕೇಳ್ತಾರೆ ಅನ್ನೋ ಮಾತು ಈಗ ಮಾಮೂಲಿ. ನನಗೇಕೋ ಒಪ್ಪಿಗೆಯಾಗೋಲ್ಲ.

ಪಿಂಕ್ ಫ್ಲಾಯ್ಡ್‌ನವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ತಗೊಳ್ಳಿ. ಎದೆಬಡಿತದ ಸದ್ದಿನಿಂದ ಶುರುವಾಗಿ ಅದರಲ್ಲೇ ಮುಗಿಯುತ್ತೆ. ಒಂದು ಹಾಡಿನ ಬಾಲ ಹಿಡಿದೇ ಇನ್ನೊಂದು ಬರುತ್ತೆ. ಕಾಲ, ದುಡ್ಡು, ಹುಚ್ಚು, ಸಾವು... ಎಲ್ಲಾ ಸುಮಾರು 43 ನಿಮಿಷದಲ್ಲಿ. ಅದರಿಂದ 'ಮನಿ' ಒಂದನ್ನೇ ಕಿತ್ತು ಕೇಳಿದರೆ ಹಾಡೇನೋ ಚೆನ್ನಾಗೇ ಇರುತ್ತೆ. ಆದರೆ ಅದು ಕಾದಂಬರಿಯ ನಡುವಿನ ಒಂದೇ ಅಧ್ಯಾಯ ಓದಿದ ಹಾಗೆ. 1973ರಿಂದ 1988ರೊಳಗೆ ಈ ಆಲ್ಬಮ್ 741 ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಜನ ಇಡಿಯಾಗೇ ಕೊಂಡಿದ್ದರು.

"ಹಾಗಾದ್ರೆ ಥ್ರಿಲ್ಲರ್?" ಅಂತ ನೀವು ಕೇಳಬಹುದು. ಮೈಕಲ್ ಜಾಕ್ಸನ್‌ನ ಆ 1982ರ ಆಲ್ಬಮ್‌ನ ಒಂಬತ್ತು ಹಾಡುಗಳಲ್ಲಿ ಏಳು ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂದವು. ನಿಜ, ಅವನ್ನ ಹೇಗೆ ಹಿಂದುಮುಂದು ಮಾಡಿದರೂ ನಡೆಯುತ್ತೆ. ಎಲ್ಲ ಆಲ್ಬಮ್ಮೂ ಕಥೆ ಹೇಳಬೇಕಿಲ್ಲ. ಆದರೆ ಯಾವುದು ಹೇಳುತ್ತೆ ಅಂತ ತಿಳಿಯೋಕೆ ಒಮ್ಮೆಯಾದ್ರೂ ಸಾಲಾಗಿ ಕೇಳಬೇಕಲ್ಲ!

2021ರಲ್ಲಿ ಅಡೆಲ್ ತನ್ನ '30' ಆಲ್ಬಮ್ ಹೊರತಂದಾಗ, ಆಕೆಯ ಕೋರಿಕೆಯ ಮೇಲೆ ಸ್ಪಾಟಿಫೈನವರು ಆಲ್ಬಮ್ ಪುಟದ ಮುಖ್ಯ ಬಟನ್‌ನಿಂದ ಷಫಲ್ ತೆಗೆದರು. ಹಾಡಿದವಳೇ ಹೀಗೆ ಕೇಳಿಕೊಳ್ಳಬೇಕಾಯ್ತಲ್ಲ ಅನ್ನೋದೇ ಬೇಜಾರು. ಸಾಲಾಗಿ ಕೇಳೋರೇ ಇಲ್ಲ ಅಂದ್ರೆ, ಹಾಗೆ ಹೆಣೆಯೋರೂ ಉಳಿಯೋಲ್ಲ.

ಈ ಭಾನುವಾರ 43 ನಿಮಿಷ ಬಿಡುವು ಮಾಡ್ಕೊಳ್ಳಿ. ನಡುವೆ ಫಾರ್ವರ್ಡ್ ಒತ್ತಬೇಡಿ. ಆಮೇಲೆ ಜಗಳಕ್ಕೆ ಬನ್ನಿ :)